ಕಾಕಿನಾಡದಿಂದ ಬೇವೂರಿಗೆ ಬರುವ ಮಳೆ

ಬೇವೂರಿನ ಮುರ್ತುಜಸಾಬನಿಗೆ ಈಗ ಅರವತ್ತಾರು. ಊರಿನ ಮೂಡಲ ಓಣಿಯ ಕೊನೆಯಲ್ಲಿ ತಗಡು ಹೊದಿಸಿದ ಒಂದೇ ಕೋಣೆಯ ಮನೆ, ಅದರಲ್ಲಿ ಅವನೊಬ್ಬನೇ. ಇಳಕಲ್ಲಿನಲ್ಲಿರುವ ಮಗಳು ಫರಹಾನಾ ಶುಕ್ರವಾರಕ್ಕೊಮ್ಮೆ ಮಾಡುವ ಫೋನು ಬಿಟ್ಟರೆ ಅವನ ಫೋನಿಗೆ ವರ್ಷದ ಬಹುಪಾಲು ಕೆಲಸವೇ ಇಲ್ಲ. ಆದರೆ ಸೆಪ್ಟೆಂಬರ್ ಮುಗಿಯುತ್ತ ಬಂದು, ಬಂಗಾಳ ಉಪಸಾಗರದಲ್ಲಿ ವಾಯುಭಾರ ಕುಸಿದಿದೆ ಎಂದು ಟಿವಿಯವರು ಹೇಳಿದರೆ ಸಾಕು, ಅವನು ಕನ್ನಡಕ ಏರಿಸಿಕೊಂಡು ಹೊಸ್ತಿಲ ಮೇಲೆ ಕೂತು ಒಂದೊಂದೇ ನಂಬರು ಒತ್ತತೊಡಗುತ್ತಾನೆ. ಮೊದಲು ಕಾಕಿನಾಡ, ಆಮೇಲೆ ವಿಜಯವಾಡ, ಸೂರ್ಯಾಪೇಟ, ಮೆಹಬೂಬನಗರ, ರಾಯಚೂರು, ಲಿಂಗಸುಗೂರು. ಎಲ್ಲರಿಗೂ ಕೇಳುವುದು ಒಂದೇ ಮಾತು. ಮಳೆ ಎಷ್ಟು ಜೋರಿದೆ ಎಂದಲ್ಲ, ಯಾವಾಗಿನಿಂದ ಹಿಡಿದಿದೆ ಎಂದು.

ಅದು ಅವನ ಹಳೆಯ ದಾರಿ. ಹದಿನೆಂಟನೇ ವಯಸ್ಸಿಗೆ ಬೇವೂರು ಬಿಟ್ಟು ಇಳಕಲ್ಲಿನ ಕಲ್ಲಿನ ಕ್ವಾರಿ ಸೇರಿದವನು, ನಾಲ್ಕು ವರ್ಷ ಲಾರಿ ಒರೆಸಿ, ಚಕ್ರ ಬದಲಿಸಿ, ಕಡೆಗೆ ಸ್ಟೇರಿಂಗ್ ಹಿಡಿದ. ಕೆಂಪು ಗ್ರಾನೈಟಿನ ಬಂಡೆಗಳಿಗೆ ಸರಪಳಿ ಬಿಗಿದುಕೊಂಡು ಆಂಧ್ರದ ಬಂದರುಗಳಿಗೆ ಒಯ್ಯುವುದು, ಬರುವಾಗ ಸಿಕ್ಕ ಬಾಡಿಗೆ ಹೇರಿಕೊಂಡು ಬರುವುದು. ಇಪ್ಪತ್ತೆಂಟು ವರ್ಷ ಹೀಗೇ ನಡೆಯಿತು. ಹುನಗುಂದದ ದಸ್ತಗೀರಬಿಯನ್ನು ಮದುವೆಯಾದ ಮೇಲೂ ಅವನು ಊರಲ್ಲಿರುತ್ತಿದ್ದುದು ತಿಂಗಳಿಗೆ ನಾಲ್ಕೈದು ದಿನ ಅಷ್ಟೆ. ಅಷ್ಟರಲ್ಲೂ ಎರಡು ದಿನ ನಿದ್ದೆಗೆ ಹೋಗುತ್ತಿತ್ತು.

ಮನೆಯನ್ನು ಹಿಡಿದು ನಿಲ್ಲಿಸಿದವಳು ಅವಳೇ. ಅದು ಅವನ ತಾತನ ಕಾಲದ ಮೇಲ್ಮುದ್ದೆಯ ಮನೆ. ಮೊಳ ದಪ್ಪದ ಮಣ್ಣಿನ ಗೋಡೆ, ಅದರ ಮೇಲೆ ತೊಲೆ, ಜಂತಿ, ಜಂತಿಯ ಮೇಲೆ ಹಾಸಿದ ಮಣ್ಣು. ಪ್ರತಿ ವರ್ಷ ಮುಂಗಾರಿಗೆ ಮೊದಲು ದಸ್ತಗೀರಬಿ ಸೀರೆಯ ಕಚ್ಚೆ ಕಟ್ಟಿ ನಿಚ್ಚಣಿಕೆ ಏರಿ, ಬುಟ್ಟಿಯಲ್ಲಿ ನೀರು ಇಳಿಯಗೊಡದ ಸವಳು ಮಣ್ಣು ಹೊತ್ತು ಮಾಳಿಗೆಯ ಮೇಲೆ ಸುರಿದು ಬಡಿಯುತ್ತಿದ್ದಳು. ಪಕ್ಕದ ಮನೆಯ ಶಿವಲಿಂಗವ್ವ ಕೆಳಗಿನಿಂದ ಬುಟ್ಟಿ ಎತ್ತಿಕೊಡುತ್ತಿದ್ದಳು. ಆ ಮನೆಯ ಮಾಳಿಗೆಗೂ ಇವಳೇ ಏರಬೇಕು. ಗಂಡ ತೀರಿಹೋಗಿದ್ದ ಶಿವಲಿಂಗವ್ವನಿಗೆ ಎತ್ತರವೆಂದರೆ ತಲೆ ಸುತ್ತುತ್ತಿತ್ತು. ಎರಡು ಮನೆಗಳ ನಡುವೆ ಒಂದೇ ಗೋಡೆ. ಒಲೆ ಬೇರೆ ಎಂಬುದೊಂದು ಬಿಟ್ಟರೆ ಇಬ್ಬರು ಹೆಂಗಸರೂ ಒಂದೇ ಮನೆಯವರಂತೆ ಬದುಕಿದ್ದರು.

ಸಮುದ್ರದ ಗಾಳಿಯನ್ನು ಮುರ್ತುಜಸಾಬ ಮೊದಲು ಕಂಡದ್ದು ತೊಂಬತ್ತರ ಮೇ ತಿಂಗಳಲ್ಲಿ, ಕೃಷ್ಣಾ ನದಿ ಸಮುದ್ರ ಸೇರುವ ಸೀಮೆಯಲ್ಲಿ. ಲಾರಿಯನ್ನು ರಸ್ತೆಯ ದಿಬ್ಬದ ಮೇಲೆ ಬಿಟ್ಟು, ಒಂದು ಶಾಲೆಯ ಕಟ್ಟಡದಲ್ಲಿ ಮೂರು ದಿನ ನೂರಾರು ಮಂದಿಯ ನಡುವೆ ಕೂತಿದ್ದ. ಅಲ್ಲೊಬ್ಬ ಮುದಿ ಮೀನುಗಾರ ಬಲೆಯ ಹರಿದ ಕಣ್ಣುಗಳನ್ನು ಕಟ್ಟುತ್ತ ಕೂತಿರುತ್ತಿದ್ದ. ಗಾಳಿ ಇಷ್ಟು ಜೋರಿದೆಯಲ್ಲ ಎಂದು ಇವನು ಹರಕು ತೆಲುಗಿನಲ್ಲಿ ಕೇಳಿದಾಗ ಮುದುಕ ತಲೆ ಎತ್ತದೆಯೇ ಹೇಳಿದ್ದ: ಜೋರಿನ ಮಾತು ಬಿಡು, ಇದು ಎಷ್ಟು ದಿನ ಇಲ್ಲಿರುತ್ತದೆ ಅನ್ನುವುದನ್ನು ಕೇಳು. ತಾನು ಕಂಡ ಗಾಳಿಗಳಲ್ಲಿ ಓಡಿ ಹೋದವು ಮರ ಕೆಡವಿದವು, ನಡೆದು ಹೋದವು ಊರು ಕೆಡವಿದವು ಎಂದು ಒಂದೊಂದರ ವರ್ಷವನ್ನೂ ಎಣಿಸಿ ಹೇಳಿದ್ದ. ತೊಂಬತ್ತಾರರಲ್ಲಿ ಕಾಕಿನಾಡದಲ್ಲೇ ಇನ್ನೊಂದು ಗಾಳಿಗೆ ಇವನು ಸಿಕ್ಕ. ಅದು ಸಂಜೆ ಬಂದದ್ದು ಬೆಳಗಾಗುವಷ್ಟರಲ್ಲಿ ಹೋಗಿತ್ತು. ಸಾವಿರಾರು ತೆಂಗಿನಮರಗಳು ಒಂದೇ ದಿಕ್ಕಿಗೆ ತಲೆ ಹಾಕಿ ಮಲಗಿದ್ದವು. ಆ ನೋಟ ಕಣ್ಣಲ್ಲಿ ಎಷ್ಟು ಗಟ್ಟಿಯಾಗಿ ಕೂತಿತೆಂದರೆ ಮುದುಕನ ಮಾತು ಮರೆತೇಹೋಯಿತು. ತೂಫಾನು ಎಂದರೆ ಹೀಗಿರಬೇಕು, ಉಳಿದದ್ದೆಲ್ಲ ಬರೀ ಮಳೆ ಎಂದು ಊರಿಗೆ ಬಂದಾಗಲೆಲ್ಲ ಹೇಳುತ್ತಿದ್ದ.

ಎರಡು ಸಾವಿರದ ಒಂಬತ್ತರ ಸೆಪ್ಟೆಂಬರ್ ಕೊನೆಯಲ್ಲಿ ಅವನು ಕಾಕಿನಾಡದ ಬಂದರಿನ ಹೊರಗೆ ಪಾಳಿಗೆ ನಿಂತಿದ್ದ. ಸಮುದ್ರದ ಮೇಲೆ ಮೋಡ ಕಟ್ಟಿತ್ತು, ಮಳೆ ಹನಿಯುತ್ತಲೇ ಇತ್ತು, ಆದರೆ ಗಾಳಿ ಇರಲಿಲ್ಲ. ಹೆಸರಿಡುವಷ್ಟು ದೊಡ್ಡ ಚಂಡಮಾರುತವೂ ಅದಾಗಿರಲಿಲ್ಲ. ಲಾರಿಯ ಕ್ಯಾಬಿನ್ನಿನಲ್ಲಿ ಕೂತು ಮಧ್ಯಾಹ್ನ ಮನೆಗೆ ಫೋನು ಮಾಡಿದ. ದಸ್ತಗೀರಬಿಯ ದನಿಯಲ್ಲಿ ಎಂದೂ ಇಲ್ಲದ ಅಳುಕಿತ್ತು.

"ಇಲ್ಲಿ ನಿನ್ನಿಯಿಂದ ಹನಿ ಕಡದಿಲ್ರಿ," ಎಂದಳು. "ಹಿತ್ತಲ ಗ್ವಾಡಿ ಹಸಿ ಹಿಡದೈತಿ. ಎರಡ ದಿನ ಫರಹಾನಾನ ಮನಿಗೆ ಹೋಗ್ಲೇನು?"

ಅವನು ನಕ್ಕುಬಿಟ್ಟ. "ಇದಕ್ಕ ಗಾಳಿ ಇಲ್ಲ, ಹೆಸರಿಲ್ಲ. ನಾ ಎಂಥೆಂಥಾ ತೂಫಾನ ನೋಡೇನಿ. ಅಲ್ಲಿ ಹನಿಯೂದು ಇದರ ಅಂಚಷ್ಟ, ಉಳಿದದ್ದು ರಾಯಚೂರ ಮುಟ್ಟೂದ್ರಾಗ ಖಾಲಿ ಆಗ್ತೈತಿ. ಮನಿ ಬಿಟ್ಟು ಹೋಗಬ್ಯಾಡ, ಸೋರಿದಲ್ಲಿ ಪಾತೇಲಿ ಇಡು. ನಾ ಬರ್ತೇನಿ."

"ಆತ್ರಿ," ಎಂದಳು ಅವಳು. ಅದೇ ಕೊನೆಯ ಮಾತಾಯಿತು.

ಮರುದಿನ ಬಂಡೆ ಇಳಿಸಿ ಹೊರಟ. ವಿಜಯವಾಡದಲ್ಲಿ ಮಳೆ. ಸೂರ್ಯಾಪೇಟದಲ್ಲಿ ಮಳೆ. ಅರಚುವ ಮಳೆಯಲ್ಲ, ಒಂದೇ ಸಮನೆ ಸುರಿಯುವ, ಯಾವ ಅವಸರವೂ ಇಲ್ಲದ ಮಳೆ. ಎಲ್ಲಿ ಚಹಕ್ಕೆ ನಿಂತರೂ ಜನ ಮೊನ್ನೆಯಿಂದ ಹಿಡಿದದ್ದು ಬಿಟ್ಟಿಲ್ಲ ಎನ್ನುತ್ತಿದ್ದರು. ಮೆಹಬೂಬನಗರ ದಾಟುವಾಗ, ಈ ಮಳೆ ತಾನು ಹೋಗುವ ದಾರಿಯಲ್ಲೇ ತನಗಿಂತ ಮುಂದೆ ಮುಂದೆ ಹೋಗುತ್ತಿದೆ ಎಂಬುದು ಅವನಿಗೆ ಮೊದಲ ಸಲ ಹೊಳೆಯಿತು. ಕೂಡಲೇ ಫೋನು ಹಚ್ಚಿದ. ಬೇವೂರಿನ ಯಾವ ನಂಬರೂ ಹತ್ತಲಿಲ್ಲ. ರಾಯಚೂರಿಗೆ ಮೊದಲು ಸಿಗುವ ಕೃಷ್ಣೆಯ ಸೇತುವೆಯ ಬಳಿ ಗಾಡಿಗಳನ್ನೆಲ್ಲ ತಡೆದು ನಿಲ್ಲಿಸಿದ್ದರು. ಎರಡು ದಿನ ಅಲ್ಲೇ ಕೂತ. ಎರಡನೆಯ ದಿನ ಮಧ್ಯಾಹ್ನ ಫೋನು ರಿಂಗಣಿಸಿತು. ಮಾಡಿದವನು ಶಿವಲಿಂಗವ್ವನ ತಮ್ಮ, ಹಿಟ್ಟಿನ ಗಿರಣಿಯ ರಾಚಯ್ಯ.

ಬೆಳಗ್ಗೆ ದಸ್ತಗೀರಬಿ ರೊಟ್ಟಿ ಬಡಿಯುತ್ತಿದ್ದಾಗ ಹಿತ್ತಲ ಗೋಡೆ ಕುಸಿದು, ತೊಲೆ ಸಮೇತ ಮಾಳಿಗೆ ಒಲೆಯ ಮೇಲೆ ಕೂತಿತ್ತು. ಓಣಿಯವರೆಲ್ಲ ಸೇರಿ ಮಣ್ಣು ತೋಡಿ ಹೊರತೆಗೆಯುವಷ್ಟರಲ್ಲಿ ಉಸಿರಿರಲಿಲ್ಲ. ಆ ಮಳೆಯಲ್ಲಿ ಹೆಣ ಇಟ್ಟುಕೊಂಡು ಕಾಯುವಂತಿರಲಿಲ್ಲ. ಸೇತುವೆ ತೆರೆದು ಮುರ್ತುಜಸಾಬ ಊರು ಮುಟ್ಟಿದಾಗ ದಫನ್ ಆಗಿ ಒಂದೂವರೆ ದಿನ ಕಳೆದಿತ್ತು. ಹೆಂಡತಿಯ ಮುಖ ಅವನು ನೋಡಲೇ ಇಲ್ಲ.

ಲಾರಿಯ ಕೀಲಿಯನ್ನು ಮಾಲೀಕನ ಮೇಜಿನ ಮೇಲಿಟ್ಟು ಬಂದವನು ಮತ್ತೆ ಸ್ಟೇರಿಂಗ್ ಮುಟ್ಟಲಿಲ್ಲ. ಫರಹಾನಾ ಇಳಕಲ್ಲಿಗೆ ಕರೆದೊಯ್ದಳು. ಮಗಳು, ಅಳಿಯ ಇಬ್ಬರೂ ಒಳ್ಳೆಯವರೇ. ಆದರೆ ಮಗಳು ಅನ್ನ ಬಡಿಸುತ್ತ ಅಮ್ಮ ನಮ್ಮ ಮನೆಗೆ ಬಂದುಬಿಡಬಹುದಿತ್ತು, ಯಾಕೆ ಬರಲಿಲ್ಲವೋ ಎಂದಾಗಲೆಲ್ಲ ಇವನು ಅರ್ಧಕ್ಕೇ ಕೈ ತೊಳೆದು ಏಳುತ್ತಿದ್ದ. ಆ ಫೋನಿನ ಮಾತನ್ನು ಅವನು ಅವಳಿಗೆ ಹೇಳಿರಲಿಲ್ಲ. ಯಾರಿಗೂ ಹೇಳಿರಲಿಲ್ಲ. ಮೂರು ತಿಂಗಳಿಗೆ ಏನೋ ನೆಪ ಹೇಳಿ ಬೇವೂರಿಗೆ ಬಂದ. ಬಿದ್ದ ಮನೆಯ ಜಾಗದಲ್ಲೇ ನಾಲ್ಕು ಸಿಮೆಂಟ್ ಇಟ್ಟಿಗೆಯ ಗೋಡೆ ಎಬ್ಬಿಸಿ ತಗಡು ಹೊದಿಸಿದ. ಹತ್ತಿ ಬಿಡಿಸಲು, ಈರುಳ್ಳಿ ಕೀಳಲು ಕರೆದಲ್ಲಿ ಹೋಗುತ್ತಿದ್ದ, ಬಂದು ತನ್ನ ಅಡುಗೆ ತಾನು ಮಾಡಿಕೊಳ್ಳುತ್ತಿದ್ದ. ಶಿವಲಿಂಗವ್ವನ ಮನೆ ನಡುಗೋಡೆಯ ಆಧಾರಕ್ಕೆ ಉಳಿದಿತ್ತು. ಅವಳು ಆಗಾಗ ಪಲ್ಯದ ಬಟ್ಟಲು ತಂದು ಹೊಸ್ತಿಲ ಮೇಲಿಟ್ಟು ಹೋಗುವಳು. ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ.

ಫೋನು ಮಾಡುವ ರೂಢಿ ಮರುವರ್ಷವೇ ಶುರುವಾಯಿತು. ಡ್ರೈವರುಗಳು, ಢಾಬಾದವರು, ಪಂಕ್ಚರ್ ತಿದ್ದುವವರು, ಹೀಗೆ ದಾರಿಯುದ್ದಕ್ಕೂ ಗುರುತಿನವರಿದ್ದರು. ಅವರ ಬಾಯಿಂದಲೇ ಅವನು ಹಳೆಯದನ್ನೂ ಕಲೆಹಾಕಿದ. ಯಾವ ವರ್ಷದ ಗಾಳಿ ಎಲ್ಲಿ ದಡ ಹತ್ತಿತು, ಎಷ್ಟು ದಿನಕ್ಕೆ ರಾಯಚೂರಿಗೆ ಬಂತು, ಯಾವುದು ನಡುವೆಯೇ ಕರಗಿತು ಎಂಬುದೆಲ್ಲ ಲಾರಿ ನಿಲ್ಲುವ ಊರುಗಳ ಹಾಗೆ ಅವನ ತಲೆಯಲ್ಲಿ ಸಾಲಾಗಿ ಕೂತಿತ್ತು. ಮುದುಕ ಮೀನುಗಾರನ ಮಾತು ಈಗ ಪೂರ್ತಿ ಅರ್ಥವಾಗಿತ್ತು. ಜೋರು ಮಳೆಯ ನೀರು ಮಾಳಿಗೆಯ ಅಂಚಿನ, ನೀರು ಹೊರಚೆಲ್ಲುವ ದೋಣಿಯಿಂದ ಧುಮುಕಿ ಹೋಗಿಬಿಡುತ್ತದೆ. ನಿಧಾನದ ಮಳೆ ಗೋಡೆಯ ಒಳಗೆ ಇಳಿಯುತ್ತದೆ. ಗೋಡೆ ಮೂರು ದಿನ ಸುಮ್ಮನೆ ಕುಡಿಯುತ್ತದೆ, ನಾಲ್ಕನೆಯ ದಿನ ಕಾಲು ಮಡಚುತ್ತದೆ.

ಎರಡು ಸಾವಿರದ ಹದಿನಾಲ್ಕರಲ್ಲಿ ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣಕ್ಕೆ ಬಡಿದಾಗ ಟಿವಿ ನೋಡಿ ಊರೆಲ್ಲ ಹೆದರಿತ್ತು. ಇವನೊಬ್ಬನೇ ಅದು ಓಡುವ ಗಾಳಿ, ಉತ್ತರಕ್ಕೆ ಹೋಗುತ್ತದೆ, ನಮ್ಮ ಕಡೆ ಬರುವುದಿಲ್ಲ ಎಂದ. ಹಾಗೇ ಆಯಿತು. ಆಗ ಜನ ಇವನ ಮಾತಿಗೆ ಒಂದಿಷ್ಟು ಬೆಲೆ ಕೊಟ್ಟರು. ಆ ಬೆಲೆ ಉಳಿದದ್ದು ಹದಿನೆಂಟರ ಡಿಸೆಂಬರಿನ ತನಕ. ಆಗ ಕಾಕಿನಾಡದ ಹತ್ತಿರವೇ ಒಂದು ಗಾಳಿ ದಡ ಹತ್ತಿತು. ಅಲ್ಲಿನ ಗೆಳೆಯ ಜಹೀರ ಇಡೀ ದಿನ ಮಳೆ ನಿಂತಿಲ್ಲ ಎಂದದ್ದೇ ತಡ, ಮುರ್ತುಜಸಾಬ ಮಣ್ಣಿನ ಮನೆಗಳವರನ್ನೆಲ್ಲ ಬೆನ್ನು ಹತ್ತಿ ಎಬ್ಬಿಸಿದ. ಹದಿನೇಳು ಮನೆಯವರು ಚಳಿಯಲ್ಲಿ ಹಾಸಿಗೆ, ಕೂಸು, ಆಡು ಕಟ್ಟಿಕೊಂಡು ಶಾಲೆಯಲ್ಲಿ ಎರಡು ದಿನ ಕಳೆದರು. ಬೇವೂರಿಗೆ ಒಂದು ಹನಿಯೂ ಬೀಳಲಿಲ್ಲ.

ಮೂರನೆಯ ದಿನ ಬೆಳಗ್ಗೆ ಗಿರಣಿಯ ಮುಂದೆ ನಾಲ್ಕು ಮಂದಿ ಇದ್ದಾಗ ರಾಚಯ್ಯ ಅವನನ್ನು ನಿಲ್ಲಿಸಿದ. ದನಿ ಏರಿಸಲಿಲ್ಲ.

"ನಿನ್ನ ಮನಿ ಬಿತ್ತಂತ ಎಲ್ಲಾರ ಮನಿ ಬೀಳ್ತಾವೇನು, ಮುರ್ತುಜ? ನಿನ್ನ ಸಂಕಟ ನಮ್ಮ ತಲಿ ಮ್ಯಾಲ ಹೇರಬ್ಯಾಡ."

ಮುರ್ತುಜಸಾಬ ಕೈಯಲ್ಲಿದ್ದ ಜೋಳದ ಚೀಲ ಬೀಸಿಸದೆಯೇ ಮನೆಗೆ ಬಂದ. ಅಂದಿನಿಂದ ಗಿರಣಿಯ ದಾರಿ ಬಿಟ್ಟ. ಬಸ್ ಸ್ಟ್ಯಾಂಡಿನ ಚಹದಂಗಡಿಗೆ ಹೋಗುವುದನ್ನೂ ಬಿಟ್ಟ. ಅವನು ಬಂದರೆ ಯಾರಾದರೊಬ್ಬರು ಮೋಡದ ಕಡೆ ನೋಡಿ ನಗುತ್ತಿದ್ದರು. ಹಿಟ್ಟಿಗೆ ಆರು ಮೈಲಿ ಆಚೆಯ ಊರಿಗೆ ಹೋಗಿಬರುತ್ತಿದ್ದ. ಕೆಲವು ವಾರ ಶುಕ್ರವಾರದಿಂದ ಶುಕ್ರವಾರದ ತನಕ ಒಬ್ಬರೊಡನೆಯೂ ಮಾತಾಡಿದ್ದು ನೆನಪಿರುತ್ತಿರಲಿಲ್ಲ. ಫರಹಾನಾಳ ಫೋನು ಎತ್ತಿದಾಗ ಅವನ ದನಿ ಅವನಿಗೇ ಒಗ್ಗದಂತೆ ಹೊರಬರುತ್ತಿತ್ತು. ಶೀತವೇನಪ್ಪಾ ಎಂದು ಅವಳು ಕೇಳಿದರೆ ಹೌದು ಎನ್ನುತ್ತಿದ್ದ.

ಇಪ್ಪತ್ತರಲ್ಲಿ ಕೊರೋನಾ ಬಂದು ಊರಿನವರೆಲ್ಲ ಒಬ್ಬರಿಂದೊಬ್ಬರು ದೂರ ನಿಂತಾಗ ಅವನಿಗೆ ಅಂಥ ಬದಲಾವಣೆಯೇನೂ ಅನ್ನಿಸಲಿಲ್ಲ. ಆ ಅಕ್ಟೋಬರಿನಲ್ಲಿ ಮೊದಲೇ ಹತ್ತು ದಿನ ಬಿಟ್ಟೂಬಿಡದೆ ಮಳೆಯಾಗಿ ನೆಲ ನೆನೆದಿತ್ತು. ಮಂಗಳವಾರ ಬೆಳಗ್ಗೆ ಕಾಕಿನಾಡದ ಬಳಿ ಮತ್ತೊಂದು ಗಾಳಿ ದಡ ಹತ್ತಿತು. ಅದಕ್ಕೂ ಹೆಸರಿರಲಿಲ್ಲ. ಅವನು ಫೋನು ಹಿಡಿದು ಕೂತ. ಜಹೀರ ಆ ಬೇಸಿಗೆಯಲ್ಲೇ ಕೊರೋನಾದಲ್ಲಿ ತೀರಿಹೋಗಿದ್ದ. ಅವನ ಮಗ ಜುಬೇರ ಫೋನು ಎತ್ತಿ ಅಪ್ಪನ ಸುದ್ದಿ ಹೇಳಿ, ಆಮೇಲೆ ಮಳೆಯ ಸುದ್ದಿಯನ್ನೂ ಹೇಳಿದ. ಮರುದಿನ ರಾಯಚೂರಿನ ಪಂಕ್ಚರ್ ಅಂಗಡಿಯವನು ನಿನ್ನೆ ಮಧ್ಯಾಹ್ನ ಹಿಡಿದದ್ದು ಇನ್ನೂ ಬಿಟ್ಟಿಲ್ಲ ಎಂದ.

ಮುರ್ತುಜಸಾಬ ಬಹಳ ಹೊತ್ತು ಹೊಸ್ತಿಲ ಮೇಲೆ ಕೂತಿದ್ದ. ಊರಿಗೆ ಹೇಳುವ ಧೈರ್ಯ ಅವನಿಗಿರಲಿಲ್ಲ. ಆದರೆ ಶಿವಲಿಂಗವ್ವನ ಹಿಂಗೋಡೆ ಅವನಿಗೆ ಕೂತಲ್ಲಿಂದಲೇ ಕಾಣುತ್ತಿತ್ತು. ಬುಡದಿಂದ ಎದೆಮಟ್ಟದವರೆಗೆ ಅದರ ಬಣ್ಣ ಕಪ್ಪಗಾಗಿತ್ತು. ಎದ್ದು ಹೋಗಿ ಅವಳ ಅಂಗಳದಲ್ಲಿ ದೂರ ನಿಂತ. ಅವಳು ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದಳು.

"ಯಕ್ಕಾ, ರಾಯಚೂರಿನಾಗ ನಿನ್ನಿಯಿಂದ ಹಿಡದೈತಿ. ಇದು ಲಗೂನ ಹೋಗೂದಲ್ಲ. ಸಾಲಿಗೆ ನಡಿ."

ಶಿವಲಿಂಗವ್ವ ಕೈ ನಿಲ್ಲಿಸಲಿಲ್ಲ. "ಅವತ್ತ ನೀ ಫೋನ್ ಮಾಡಿದಾಗ ನಾ ಆಕಿ ಬಾಜೂಕ ಕುಂತಿದ್ನಿ," ಎಂದಳು.

ಅವಳು ಇನ್ನೊಂದು ಹಿಡಿ ಶೇಂಗಾ ಮಡಿಲಿಗೆ ಹಾಕಿಕೊಂಡಳು.

"ಗಂಟು ಕಟ್ಟಿದ್ಲು. ಎರಡ ಸೀರಿ, ಮಗಳಿಗೆ ಒಂದೀಟ ಶೇಂಗಾ ಚಟ್ನಿ. ನೀ ಬ್ಯಾಡ ಅಂದಿ ಅಂತ ಬಿಚ್ಚಿದ್ಲು."

"ನಿನಗ ಗೊತ್ತಿತ್ತು," ಎಂದ ಅವನು. "ಹನ್ನೊಂದ ವರ್ಷ ಯಾರ ಮುಂದೂ ಅನಲಿಲ್ಲಲ್ಲ ಯಕ್ಕಾ."

"ಹ್ಯಾಂಗ ಅನ್ಲಿ, ತಮ್ಮಾ? ಫೋನ್ ಇಟ್ಟ ಮ್ಯಾಲೂ ಆಕಿ ಗಂಟಿನ ಮ್ಯಾಲ ಕೈ ಇಟಗೊಂಡ ಕುಂತಿದ್ಲು. ಹೋಗಬೇಕಂತನ ಇತ್ತು ಆಕಿ ಮನಸಿನ್ಯಾಗ. ಗಂಡ ಬರ್ತೇನಿ ಅಂದಾನ, ಮಳ್ಯಾಗ ಎಲ್ಲಿಗೆ ಹೊಂಟಿ, ಬಿಚ್ಚು ಅಂದಾಕಿ ನಾನ."

ಇಬ್ಬರ ನಡುವೆ ಅಂಗಳವಿತ್ತು. ಆಗಲೇ ಸಣ್ಣಗೆ ಹನಿಯತೊಡಗಿತ್ತು. ಅಷ್ಟು ವರ್ಷ ತಾನೊಬ್ಬನೇ ಹೊತ್ತಿದ್ದೇನೆ ಎಂದು ಅವನು ಅಂದುಕೊಂಡದ್ದನ್ನು ಗೋಡೆಯ ಆಚೆ ಇನ್ನೊಬ್ಬಳೂ ಹೊತ್ತುಕೊಂಡೇ ಪಲ್ಯದ ಬಟ್ಟಲು ತಂದಿಡುತ್ತಿದ್ದಳು. ಅದು ತಿಳಿದು ಅವನ ಎದೆ ಹಗುರಾಗಲಿಲ್ಲ. ಆದರೆ ಓಡಿಹೋಗಬೇಕೆಂದೂ ಅನ್ನಿಸಲಿಲ್ಲ.

ಶಿವಲಿಂಗವ್ವ ಸುಲಿದ ಶೇಂಗಾವನ್ನು ಡಬ್ಬಿಗೆ ತುಂಬಿದಳು. ಒಳಗೆ ಹೋಗಿ ಒಂದು ಹೊದಿಕೆ, ಲಿಂಗಪೂಜೆಯ ಪೆಟ್ಟಿಗೆ, ಒಲೆಯ ಪಕ್ಕದ ಎರಡು ಪಾತ್ರೆ ತಂದಳು. ರಾಚಯ್ಯನ ಮನೆಯಲ್ಲಿ ಇಬ್ಬರಿಗೆ ಕೊರೋನಾ ಬಂದಿದ್ದರಿಂದ ಅಲ್ಲಿಗೆ ಹೋಗುವಂತಿರಲಿಲ್ಲ. ಶಾಲೆಗೆ ಬೀಗ ಬಿದ್ದಿತ್ತು, ಜಗಲಿ ಮಾತ್ರ ತೆರೆದಿತ್ತು. ಅವಳು ಜಗಲಿಯ ಒಂದು ಮೂಲೆಯಲ್ಲಿ ಹಾಸಿಕೊಂಡಳು. ಅವನು ಲಾರಿಗೆ ಹೊದಿಸುವಂಥ ತನ್ನ ಹಳೆಯ ತಾಡಪತ್ರೆಯನ್ನು ಅಡ್ಡ ಕಟ್ಟಿಕೊಟ್ಟು, ಇನ್ನೊಂದು ತುದಿಯ ಕಂಬಕ್ಕೆ ಒರಗಿ ಕೂತ. ಹೊತ್ತಿಗೊಮ್ಮೆ ತನ್ನ ಕೋಣೆಗೆ ಹೋಗಿ ಚಹಾ ಕಾಯಿಸಿ ತರುವನು. ಆ ಎರಡು ದಿನಗಳಲ್ಲಿ ಅವರು ದಸ್ತಗೀರಬಿಯ ಬಗ್ಗೆ ಮಾತಾಡಿದರು. ಅವಳು ಮಾಳಿಗೆಯ ಮೇಲೆ ಮಣ್ಣು ಬಡಿಯುವಾಗ ಎಲ್ಲರಿಗೂ ಕೇಳುವಂತೆ ಗಂಡನನ್ನು ಬೈಯುತ್ತಿದ್ದಳಂತೆ, ಇಡೀ ದೇಶಕ್ಕೆ ಕಲ್ಲು ಹೊರುವವನು ಸ್ವಂತ ಮನೆಗೆ ಒಂದು ಬುಟ್ಟಿ ಮಣ್ಣು ಹೊರಲಿಲ್ಲ ಎಂದು. ಅದು ಮುರ್ತುಜಸಾಬನಿಗೆ ಗೊತ್ತಿರಲಿಲ್ಲ. ನಗು ಬಂತು, ನಕ್ಕ.

ಗುರುವಾರ ಮಧ್ಯಾಹ್ನ ಶಿವಲಿಂಗವ್ವನ ಹಿಂಗೋಡೆ ಬಿತ್ತು. ಶಾಲೆಯ ತನಕ ಕೇಳಿದ್ದು ಧಪ್ಪೆಂಬ ಸದ್ದು ಮಾತ್ರ. ಹೋಗಿ ನೋಡಿದರೆ ಜಂತಿಗಳು ಅಡುಗೆಮನೆಯೊಳಗೆ ಇಳಿಬಿದ್ದಿದ್ದವು, ಒಲೆ ಕಾಣುತ್ತಿರಲಿಲ್ಲ. ಶಿವಲಿಂಗವ್ವ ಹೊಸ್ತಿಲಿನ ಆಚೆಗೆ ನಿಂತು ನೋಡಿದಳು. ಕಣ್ಣೀರು ಹಾಕಲಿಲ್ಲ.

ರಾಚಯ್ಯ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಬಂದು ಬಿದ್ದ ಮನೆಯನ್ನೂ ಅಕ್ಕನನ್ನೂ ನೋಡಿದ. ಒಮ್ಮೆ ಮುರ್ತುಜಸಾಬನ ಕಡೆ ತಿರುಗಿ ನೋಡಿ ಗಿರಣಿಯ ದಾರಿ ಹಿಡಿದ. ಮರುದಿನ ಇವನ ಹೊಸ್ತಿಲ ಮೇಲೆ ಹತ್ತು ಸೇರು ಜೋಳದ ಹಿಟ್ಟಿನ ಚೀಲವಿತ್ತು. ಬೇರೆ ಯಾರೂ ಆ ವಿಷಯ ಎತ್ತಲಿಲ್ಲ. ಆ ವರ್ಷ ಸಾವು ಬದುಕಿನ ಸುದ್ದಿಗಳೇ ಅಷ್ಟಿದ್ದವು, ಯಾರೂ ಸಾಯದೆ ಬಿದ್ದ ಗೋಡೆಯನ್ನು ಯಾರು ನೆನೆದಾರು.

ಶಿವಲಿಂಗವ್ವನ ಮಗ ಶ್ರೀಶೈಲ ಬಾಗಲಕೋಟೆಯ ನವನಗರದಲ್ಲಿ ಕಚೇರಿಯೊಂದರ ಜೀಪು ಓಡಿಸುತ್ತಾನೆ. ಡಿಸೆಂಬರಿನಲ್ಲಿ ಬಂದು ತಾಯಿಯನ್ನು ಕರೆದೊಯ್ದ. ಬೇಡವೆನ್ನಲು ಅವಳಿಗೆ ಮನೆಯೇ ಉಳಿದಿರಲಿಲ್ಲ. ಜೀಪು ಹತ್ತುವಾಗ ಅವಳು ಮುರ್ತುಜಸಾಬನಿಗೆ ಬಟ್ಟೆ ಒಗೆಯುವ ಕಲ್ಲು ನೀನೇ ಇಟ್ಟುಕೋ ಎಂದಳು. ಅವನು ಹೂಂ ಅಂದ. ಅವಳಿಗೆ ಫೋನು ಹಿಡಿದು ಮಾತಾಡಿ ರೂಢಿಯಿಲ್ಲ, ಇವನಿಗೆ ನವನಗರದ ಆ ಸೆಕ್ಟರುಗಳ ಲೆಕ್ಕ ತಿಳಿಯುವುದಿಲ್ಲ. ಒಮ್ಮೆ ಹುಡುಕಿಕೊಂಡು ಹೋಗಿ, ಒಂದೇ ಬಗೆಯ ಮನೆಗಳ ನಡುವೆ ಸುತ್ತಿ ಸುತ್ತಿ ಸಂಜೆಯ ಬಸ್ಸಿಗೆ ತಿರುಗಿ ಬಂದ. ಇಪ್ಪತ್ಮೂರರಲ್ಲಿ ಅವಳು ತೀರಿಹೋದ ಸುದ್ದಿಯನ್ನು ರಾಚಯ್ಯ ಬಂದು ಹೇಳಿದಾಗ ಮಣ್ಣು ಕೊಟ್ಟು ಎರಡು ದಿನವಾಗಿತ್ತು. ಆ ಫೋನಿನ ಮಾತು ತಿಳಿದವರು ಈಗ ಇನ್ನೊಬ್ಬರಿಲ್ಲ.

ಬೇವೂರಿನ ಆ ಓಣಿಯಲ್ಲಿ ಈಗ ಬಹುತೇಕ ಸಿಮೆಂಟಿನ ಛತ್ತುಗಳೇ. ಮೇಲ್ಮುದ್ದೆಯ ಮನೆ ಉಳಿದಿರುವುದು ಮೂರು. ಅದರಲ್ಲೊಂದು ಅಂಗನವಾಡಿಯಲ್ಲಿ ಅಡುಗೆ ಮಾಡುವ ಶೈಲಾಳದು. ಕಳೆದ ಮಳೆಗಾಲದ ಕೊನೆಯಲ್ಲಿ ಸಮುದ್ರದ ಸುದ್ದಿ ಬಂದ ದಿನ ಮುರ್ತುಜಸಾಬ ಹೊಸ್ತಿಲ ಮೇಲೆ ಕೂತು ಒಂಬತ್ತು ನಂಬರಿಗೆ ಫೋನು ಮಾಡಿದ. ಆರು ಹತ್ತಲೇ ಇಲ್ಲ. ಒಂದನ್ನು ಯಾವುದೋ ಹೆಂಗಸು ಎತ್ತಿ, ತೆಲುಗಿನಲ್ಲಿ ಯಾರು ಬೇಕು ಎಂದು ಕೇಳಿ ಇಟ್ಟುಬಿಟ್ಟಳು. ಸೂರ್ಯಾಪೇಟದ ಢಾಬಾ ಹೆದ್ದಾರಿ ಅಗಲವಾದಾಗಲೇ ಹೋಗಿತ್ತು. ಜುಬೇರ ಮಾತ್ರ ಅಪ್ಪನ ಹಾಗೇ ಸಾವಕಾಶ ಮಾತಾಡಿ ಬೆಳಗ್ಗೆಯಿಂದ ಮಳೆಯಿದೆ ಎಂದ. ರಾಯಚೂರಿನವನು ಇನ್ನೂ ಬಂದಿಲ್ಲ ಎಂದ.

ಅಷ್ಟರಲ್ಲಿ ಶೈಲಾ ತಾನಾಗಿಯೇ ಬಂದು ಅಂಗಳದಲ್ಲಿ ನಿಂತಿದ್ದಳು. ಎಷ್ಟೋ ವರ್ಷಗಳ ಮೇಲೆ ಒಬ್ಬರು ಅವನನ್ನು ಕೇಳಲು ಬಂದಿದ್ದರು.

"ಬರ್ತೈತೇನ್ರಿ ಕಾಕಾ?"

ಅವನು ಫೋನನ್ನು ಮಡಿಲಲ್ಲಿ ಇಟ್ಟುಕೊಂಡು ಯೋಚಿಸಿದ. "ಖರೆ ಹೇಳ್ಬೇಕಂದ್ರ ಗೊತ್ತಾಗವಲ್ದು, ತಂಗಿ. ಹೇಳಾಕ ಮಂದೀನ ಉಳಿದಿಲ್ಲ. ಆದ್ರ ನೀ ಹೋಗು. ನಾಳಿಗೆ ಮಂದಿ ನಕ್ರ ನನ್ನ ನೋಡಿ ನಗ್ಲಿ."

ಶೈಲಾ ಎರಡು ಮಕ್ಕಳನ್ನು ಕರೆದುಕೊಂಡು ಅಂಗನವಾಡಿಯ ಕಟ್ಟಡಕ್ಕೆ ಹೋದಳು. ಮಳೆ ಮರುದಿನ ಮಧ್ಯಾಹ್ನ ಬಂದು, ಸಂಜೆಯ ತನಕ ಹನಿದು ನಿಂತುಹೋಯಿತು. ಅವಳ ಗೋಡೆಗೆ ಏನೂ ಆಗಲಿಲ್ಲ. ಬಿಸಿಲು ಬಿದ್ದ ಮೇಲೆ ಅವಳು ಮನೆಗೆ ಮರಳುತ್ತ ದಾರಿಯಲ್ಲಿ ಇವನ ಬಾಗಿಲಿಗೆ ಬಂದಳು. ಸುಮ್ಮನೆ ಓಡಾಡಿಸಿದೆ ಎಂದು ಅನ್ನಬಹುದೆಂದು ಅವನು ಕಾಯುತ್ತಿದ್ದ. ಅವಳು ಬಟ್ಟೆಯಲ್ಲಿ ಸುತ್ತಿದ ಎರಡು ರೊಟ್ಟಿ, ಪುಂಡಿಪಲ್ಯ ಕೊಟ್ಟು, ಮುಂದಿನ ಸಲವೂ ಹೇಳಿರಿ ಎಂದು ಹೋದಳು.

ಅವನು ಕೈ ತೊಳೆದು, ರೊಟ್ಟಿ ಮುರಿದು, ತಗಡಿನ ನೆರಳಿನಲ್ಲಿ ಕೂತು ನಿಧಾನವಾಗಿ ಉಂಡ. ಪಲ್ಯಕ್ಕೆ ಉಪ್ಪು ಸ್ವಲ್ಪ ಹೆಚ್ಚಾಗಿತ್ತು. ಹೇಳುವುದಕ್ಕೆ ಹತ್ತಿರ ಯಾರೂ ಇರಲಿಲ್ಲ.